ಯಾಗ್ಲಿಕಾ ಹಾಡದ ಸಾವು

ನನಗೆ ಅನುಮಾನ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ಅಂಗಡಿಯವನು ನಕ್ಕರೆ ನಾನು ತಕ್ಕಡಿ ನೋಡುತ್ತೇನೆ, ಪಾದ್ರಿ ಹೊಗಳಿದರೆ ನನ್ನ ಕೋಳಿಗಳನ್ನು ಎಣಿಸಿಕೊಳ್ಳುತ್ತೇನೆ. ಎಪ್ಪತ್ತೊಂದು ವರ್ಷ ಹೀಗೇ ಬದುಕಿದ್ದೇನೆ. ಈ ಗುಣದಿಂದ ನನಗೆ ಉಳಿದದ್ದು ಕೆಲವು ಕೋಳಿ, ಕಳೆದುಹೋದದ್ದು ಏನು ಅಂತ ಈಗ ಹೇಳುತ್ತೇನೆ.

ನನ್ನ ವಾರಗಿತ್ತಿ ಯಾಗ್ಲಿಕಾ ಹೋದ ಚಳಿಗಾಲ ತೀರಿಕೊಂಡಳು. ನಮ್ಮ ಊರು ಬ್ರೆಸ್ತೊವೊದಲ್ಲಿ ಅವಳ ಬಗ್ಗೆ ಎರಡು ಮೂರು ಕತೆ ಓಡಾಡುತ್ತವೆ. ಅವುಗಳಲ್ಲಿ ಅರ್ಧ ನಾನೇ ಹುಟ್ಟಿಸಿದ್ದು. ಈಗ ಬೋಳು ದ್ವೀಪದ ಸೆರೆಮನೆಯ ಬಗ್ಗೆ ಪತ್ರಿಕೆಗಳೇ ಬರೆಯುತ್ತಿವೆ, ಅಲ್ಲಿಂದ ಬಂದ ಮುದುಕರು ರೇಡಿಯೊದಲ್ಲಿ ಕೂತು ಮಾತಾಡುತ್ತಿದ್ದಾರೆ. ಅವಳ ಮಗ, ನನ್ನ ಮಗ ಇಬ್ಬರೂ ತಾತಂದಿರಾಗಿದ್ದಾರೆ, ವಿಷಯ ಗೊತ್ತಾದರೂ ಬಂದೂಕು ಹುಡುಕುವ ವಯಸ್ಸಲ್ಲ. ಹಾಗಾಗಿ ಹೇಳಬಹುದು ಅನ್ನಿಸಿತು. ನನ್ನ ಹತ್ತಿರ ಕಾಗದ, ಸಾಕ್ಷಿ ಏನೂ ಇಲ್ಲ.

ಯಾಗ್ಲಿಕಾ ಬೆಟ್ಟದಾಚೆಯ ಕುಲದವಳು. ಹಿಂದೆ ಯಾವುದೋ ಕಾಲದಲ್ಲಿ ಅವಳ ಕಡೆಯವರು ಹುಲ್ಲುಗಾವಲಿನ ಜಗಳದಲ್ಲಿ ನಮ್ಮ ಗಂಡಂದಿರ ಮುತ್ತಜ್ಜನನ್ನು ಹೊಡೆದು ಹಾಕಿದ್ದರು. ರಕ್ತಕ್ಕೆ ರಕ್ತ ಅಂತ ಎರಡೂ ಕಡೆ ಐದು ಹೆಣ ಬಿದ್ದ ಮೇಲೆ ಹಿರಿಯರು ಕೂತು ರಾಜಿ ಮಾಡಿಸಿದರು. ಆ ರಾಜಿ ಗಟ್ಟಿಯಾಗಲಿ ಅಂತ ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಅವಳನ್ನು ನಮ್ಮ ಭಾವ ಬ್ಲಾಗೊಯೆಗೆ ತಂದುಕೊಂಡರು. ಮೂರು ವರ್ಷದ ನಂತರ ಅವನ ತಮ್ಮ ಟೊದೊರ್‌ನನ್ನು ಕಟ್ಟಿಕೊಂಡು ನಾನು ಬಂದೆ. ಎರಡು ಮನೆ, ನಡುವೆ ಒಂದೇ ಅಂಗಳ, ಒಂದೇ ಮಳೆನೀರಿನ ತೊಟ್ಟಿ. ಬಂದ ಹೊಸದರಲ್ಲಿ ಅವಳನ್ನು ಅಕ್ಕ ಎನ್ನುತ್ತಿದ್ದೆ. ಮುಸುಕಿನ ಜೋಳದ ಮುದ್ದೆಗೆ ಚೀಸು ಎಷ್ಟು ಹೊತ್ತು ಕಲಸಬೇಕು ಅಂತ ಕಲಿಸಿದ್ದೂ ಅವಳೇ. ಆಗಲೂ ನನಗೆ ಒಂದು ಅನುಮಾನ ಇದ್ದೇ ಇತ್ತು. ಇಷ್ಟು ಕಡಿಮೆ ಮಾತಾಡುವವಳು ಒಳಗೊಳಗೆ ಏನು ಲೆಕ್ಕ ಹಾಕುತ್ತಾಳೋ ಅಂತ.

ಅವಳು ಬಾಯಿ ಬಿಡುತ್ತಿದ್ದದ್ದು ಸಾವಿನ ಮನೆಯಲ್ಲಿ. ನಮ್ಮ ಕಡೆ ಸತ್ತವರನ್ನು ಹೆಂಗಸರು ಹಾಡಿ ಅಳುತ್ತಾರೆ. ಪೆಟ್ಟಿಗೆಯ ತಲೆಯ ಬಳಿ ನಿಂತು ಸತ್ತವನ ಹೆಸರು ಹಿಡಿದು, ಅವನು ಏನಾಗಿದ್ದ, ಯಾರನ್ನು ಬಿಟ್ಟುಹೋದ, ಮೇಲೆ ಯಾರನ್ನು ಸೇರಲಿದ್ದಾನೆ ಅಂತ ಹಾಡಬೇಕು. ನಮಗಿಂತ ಮೊದಲು ಹೋದವರಿಗೆ ಅವನ ಕೈಲಿ ಸುದ್ದಿಯನ್ನೂ ಕಳಿಸಬೇಕು. ಗಂಡಸರು ಟೋಪಿ ತೆಗೆದು ನಿಲ್ಲುತ್ತಾರೆ, ಹಾಡು ಮುಗಿಯುವವರೆಗೆ ಯಾರೂ ತಡೆಯುವ ಹಾಗಿಲ್ಲ. ಹೆಣದ ಮುಂದೆ ಸುಳ್ಳು ಹೇಳುವ ಹಾಗೂ ಇಲ್ಲ. ಅಲ್ಲಿ ಹೇಳಿದ ಮಾತನ್ನು ಊರು ಕೋರ್ಟಿನ ತೀರ್ಪಿಗಿಂತ ಹೆಚ್ಚು ನಂಬುತ್ತದೆ. ಹೆಂಡತಿ ಮಾತ್ರ ಗಂಡನಿಗೆ ಹಾಡಬಾರದು, ಅದು ನಾಚಿಕೆಗೇಡು. ಅಕ್ಕತಂಗಿಯರು ಹಾಡಬೇಕು. ಅಕ್ಕತಂಗಿ ಇಲ್ಲದ ಮನೆಯಲ್ಲಿ ಅಣ್ಣತಮ್ಮಂದಿರ ಹೆಂಡಿರು. ನಮ್ಮ ಗಂಡಂದಿರಿಗೆ ಅಕ್ಕತಂಗಿ ಇರಲಿಲ್ಲ. ಅಂದರೆ ನನ್ನ ಗಂಡನಿಗೆ ಅವಳು, ಅವಳ ಗಂಡನಿಗೆ ನಾನು.

ಯಾಗ್ಲಿಕಾ ಹಾಡಿದರೆ ಕಲ್ಲೂ ಕರಗುತ್ತಿತ್ತು. ನಲವತ್ತಮೂರರಲ್ಲಿ ಜರ್ಮನರು ಕೊಂದ ಹನ್ನೊಂದು ಜನ ಗೆರಿಲ್ಲಾ ಹುಡುಗರನ್ನು ಅವಳೊಬ್ಬಳೇ ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಡಿ ಕಳಿಸಿದಳು. ಪ್ರತಿಯೊಬ್ಬನಿಗೂ ಬೇರೆ ಹಾಡು. ಒಬ್ಬನ ಹೆಸರಿನ ಜಾಗದಲ್ಲಿ ಇನ್ನೊಬ್ಬನ ಹೆಸರು ಬರಲಿಲ್ಲ. ಮೂರು ಕಣಿವೆಗಳ ಜನ ಅವಳನ್ನು ಕುದುರೆ ಕಳಿಸಿ ಕರೆಸಿಕೊಳ್ಳುತ್ತಿದ್ದರು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಯುದ್ಧ ಮುಗಿಯಿತು, ಗೆರಿಲ್ಲಾಗಳ ಜೊತೆಗಿದ್ದ ಅಣ್ಣತಮ್ಮ ಇಬ್ಬರೂ ಬೆಟ್ಟದಿಂದ ಜೀವಸಹಿತ ಇಳಿದುಬಂದರು. ಮೊದಲ ಮಹಾಯುದ್ಧದ ನಂತರ ನಕ್ಷೆಯಿಂದಲೇ ಅಳಿಸಿಹೋಗಿದ್ದ ನಮ್ಮ ಕರಿಬೆಟ್ಟದ ನಾಡು, ಮೊಂಟೆನೆಗ್ರೊ, ಮತ್ತೆ ಹೆಸರು ಪಡೆಯಿತು. ಯುಗೊಸ್ಲಾವಿಯಾದ ಆರು ಗಣರಾಜ್ಯಗಳಲ್ಲಿ ಒಂದು. ಎಲ್ಲಕ್ಕಿಂತ ಚಿಕ್ಕದು, ಕಲ್ಲು ಬಿಟ್ಟರೆ ಬೇರೇನೂ ಬೆಳೆಯದ್ದು. ಆದರೂ ನಮ್ಮದೇ ಸಭೆ, ನಮ್ಮದೇ ಮಂತ್ರಿಗಳು. ಟೊದೊರ್ ಆ ದಿನ ಅಂಗಳದಲ್ಲಿ ಬಂದೂಕು ಹಾರಿಸಿ ನನ್ನ ಒಂದು ಮಡಕೆ ಒಡೆದ. ಬ್ಲಾಗೊಯೆ ಊರಿನ ಸಹಕಾರ ಸಂಘಕ್ಕೆ ಅಧ್ಯಕ್ಷನಾದ. ನನ್ನ ಗಂಡ ಕಲ್ಲುಕುಟಿಗ, ಹೊಸ ಶಾಲೆಯ ಗೋಡೆ ಕಟ್ಟಿದ. ಆ ಮೂರು ವರ್ಷ ನಾನೂ ಅನುಮಾನವನ್ನು ಅಟ್ಟಕ್ಕೆ ಹಾಕಿ ಬದುಕಿದೆ.

ನಲವತ್ತೆಂಟರ ಬೇಸಿಗೆಯಲ್ಲಿ ದೇಶ ಆಳುತ್ತಿದ್ದ ನಮ್ಮ ಮಾರ್ಷಲ್‌ಗೂ ಮಾಸ್ಕೋದ ಸ್ಟಾಲಿನ್‌ಗೂ ಮುರಿದುಬಿತ್ತು. ನಿನ್ನೆಯವರೆಗೆ ಗೋಡೆಯ ಮೇಲೆ ಇಬ್ಬರ ಪಟ, ಇವತ್ತು ಒಬ್ಬರದೇ ಇರಬೇಕು. ಬೇರೆ ಗಣರಾಜ್ಯದವರಿಗೆ ಅದು ರಾಜಕೀಯ ಇರಬಹುದು. ನಮಗೆ ರಷ್ಯಾ ಎಂದರೆ ಮುತ್ತಜ್ಜನ ಕಾಲದಿಂದ ಹಾಲು ಕುಡಿಸಿದ ಮನೆ. ನೀವೆಷ್ಟು ಜನ ಅಂತ ಯಾರಾದರೂ ಕೇಳಿದರೆ, ನಾವೂ ರಷ್ಯನ್ನರೂ ಸೇರಿ ಇಪ್ಪತ್ತು ಕೋಟಿ ಅಂತ ಎದೆ ತಟ್ಟಿ ಹೇಳುವ ಜನ ನಾವು. ಆ ಎದೆ ತಟ್ಟುವ ಚಾಳಿಯೇ ನಮ್ಮ ಗಂಡಸರನ್ನು ತಿಂದಿತು.

ನಲವತ್ತೊಂಬತ್ತರ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಒಲೆಯ ಸುತ್ತ ಐದು ಜನ ಕೂತಿದ್ದೆವು. ಅಣ್ಣತಮ್ಮಂದಿರು, ನಾವು ಹೆಂಡಿರಿಬ್ಬರು, ಮತ್ತೆ ನನ್ನ ಮಗ ವೆಸ್ಕೊಗೆ ದೀಕ್ಷಾಸ್ನಾನ ಮಾಡಿಸಿ ಹೆಸರಿಟ್ಟ ನಮ್ಮ ಧರ್ಮಬಂಧು ನೊವಾಕ್. ಒಣಗಿಸಿದ ಕುರಿಮಾಂಸ, ಎರಡು ಸುತ್ತು ಹಣ್ಣಿನ ಸಾರಾಯಿ ರಾಕಿಯಾ. ಟೊದೊರ್ ಸ್ಟಾಲಿನ್ ಪಟ ಇಳಿಸಿದ ಖಾಲಿ ಮೊಳೆಯನ್ನು ನೋಡುತ್ತಾ ಹೇಳಿದ:

"ಇನ್ನೂರು ವರ್ಷ ತಾಯಿ ಆಗಿದ್ದೋಳು ಒಂದೇ ರಾತ್ರೀಲಿ ಹೆಂಗೆ ಮಲತಾಯಿ ಆದ್ಲು?"

ಯಾರೂ ನಗಲಿಲ್ಲ. ಬ್ಲಾಗೊಯೆ ಎದ್ದು ಕೊಟ್ಟಿಗೆ ನೋಡಿಬರುತ್ತೇನೆ ಅಂತ ಹೋದ. ಒಂಬತ್ತನೆಯ ದಿನ ಬೆಳಗ್ಗೆ ತೊಗಲು ಕೋಟಿನ ಇಬ್ಬರು ಗುಪ್ತ ಪೊಲೀಸರು ಬಂದರು. ಬಾಗಿಲಲ್ಲೇ ನಿಂತು ಒಬ್ಬ, "ಬಾಪ್ಪ, ಮಲತಾಯಿ ಮಗ" ಅಂದ. ಟೊದೊರ್ ಬೂಟಿನ ದಾರ ಕಟ್ಟಿಕೊಳ್ಳುವಷ್ಟು ಹೊತ್ತು ಕೊಟ್ಟು, ಕರೆದುಕೊಂಡು ಹೋದರು.

ಆ ಮಾತು ನಮ್ಮ ಒಲೆಯ ಹೊಗೆಯ ಜೊತೆ ಹಾರಿಹೋಗಲಿಲ್ಲ, ಯಾರೋ ಹೊತ್ತುಕೊಂಡು ಹೋದರು. ನಾನು ಕೂತು ಬೆರಳು ಮಡಿಸಿದೆ. ನಾನಲ್ಲ. ಅಣ್ಣ ತಮ್ಮನನ್ನು ಹಿಡಿದುಕೊಡುವುದಿಲ್ಲ, ಒಂದೇ ಹೊಟ್ಟೆ. ಹೆಸರಿಟ್ಟ ಧರ್ಮಬಂಧುವನ್ನು ಅನುಮಾನಿಸುವುದೇ ನಮ್ಮಲ್ಲಿ ಪಾಪ, ದೇವರ ನಂತರ ಅವನು. ಉಳಿದದ್ದು ಒಂದು ಬೆರಳು. ಬೆಟ್ಟದಾಚೆಯಿಂದ ಬಂದವಳು, ಹಳೆಯ ರಕ್ತದ ಲೆಕ್ಕ ಇರುವವಳು. ಮೇಲಾಗಿ ಆ ಭಾನುವಾರಕ್ಕೂ ಆ ಬೆಳಗ್ಗೆಗೂ ನಡುವಿನ ಗುರುವಾರ ಅವಳು ಪಟ್ಟಣದಲ್ಲಿ ಅದೇ ತೊಗಲು ಕೋಟಿನವರ ಕಚೇರಿಯ ಮೆಟ್ಟಿಲು ಇಳಿಯುವುದನ್ನು ಗಿರಣಿಯವನ ಹೆಂಡತಿ ಕಣ್ಣಾರೆ ನೋಡಿದ್ದಳು. ಹೋಗುವಾಗ ಕೈಲಿ ಚೀಸಿನ ಗಂಟು ಇತ್ತಂತೆ, ಬರುವಾಗ ಬರಿಗೈ.

ನಾನು ಅಂಗಳ ದಾಟಿಹೋಗಿ ಕೇಳಿದೆ, ಪಟ್ಟಣಕ್ಕೆ ಹೋಗಿದ್ದೆಯಾ ಅಂತ. ಹೋಗಿದ್ದೆ ಅಂದಳು. ಯಾಕೆ ಅಂದೆ. ಅವಳು ಬಟ್ಟಲು ತೊಳೆಯುವುದನ್ನು ಮುಂದುವರಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ, ಇವಳು ಅದನ್ನೂ ಮಾಡಲಿಲ್ಲ. ನನಗೆ ಅದೇ ಸಾಕಾಯಿತು. ಅವತ್ತೇ ಅಕ್ಕ ಅನ್ನುವುದನ್ನು ಬಿಟ್ಟೆ.

ಟೊದೊರ್‌ಗೆ ಎರಡೂವರೆ ವರ್ಷ, ವಿಚಾರಣೆ ಇಲ್ಲದೆ. ಸಮುದ್ರದ ನಡುವಿನ ಆ ಬೋಳು ದ್ವೀಪದಲ್ಲಿ ಕಲ್ಲುಕುಟಿಗನ ಕೈಲಿ ಕಲ್ಲು ಹೊರಿಸಿದರು, ಮೇಲೆ ಹೊತ್ತ ಕಲ್ಲನ್ನು ಮತ್ತೆ ಕೆಳಗೆ. ಊರಲ್ಲಿ ನನ್ನನ್ನು ಕಂಡರೆ ಜನ ಬೂಟಿನ ದಾರ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದರು. ಗಂಡನನ್ನು ಬಿಟ್ಟೆ ಅನ್ನುವ ಕಾಗದಕ್ಕೆ ಸಹಿ ಹಾಕು ಅಂತ ಎರಡು ಸಲ ಹೇಳಿಕಳಿಸಿದರು. ನಾನು ಅಕ್ಷರ ಮರೆತುಹೋಗಿದೆ ಅಂದೆ. ಶಾಲೆಯಲ್ಲಿ ವೆಸ್ಕೊನ ಕೊರಳಿಂದ ಪಕ್ಷದ ಮಕ್ಕಳ ದಳದ ಕೆಂಪು ಸ್ಕಾರ್ಫ್ ಬಿಚ್ಚಿಸಿದರು, ಅವನ ಅಪ್ಪ ಕಟ್ಟಿದ ಗೋಡೆಯ ಪಕ್ಕದಲ್ಲೇ ನಿಲ್ಲಿಸಿ. ಎಂಟು ವರ್ಷದ ಮಗು ಮನೆಗೆ ಬಂದು ಕತ್ತನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿತ್ತು. ನಾನು ಅವನನ್ನು ಕಿಟಕಿಗೆ ಕರೆದುಕೊಂಡು ಹೋಗಿ ಆಚೆಮನೆ ತೋರಿಸಿ, ನಿನ್ನ ಸ್ಕಾರ್ಫ್ ಬಿಚ್ಚಿದೋಳು ಅಲ್ಲಿದ್ದಾಳೆ ಅಂದೆ. ಮಾರನೆಯ ದಿನ ಅವನು ದೊಡ್ಡಮ್ಮನ ಹೊಸ್ತಿಲ ಮೇಲೆ ಉಗಿದು ಬಂದ. ನಾನು ಬೈಯಲಿಲ್ಲ.

ಆ ಚಳಿಗಾಲಗಳಲ್ಲಿ ನಮ್ಮ ಬಾಗಿಲ ಬಳಿ ಆಗಾಗ ಜೋಳದ ಹಿಟ್ಟು, ಒಂದು ಹಿಡಿ ಉಣ್ಣೆ, ಒಮ್ಮೆ ವೆಸ್ಕೊಗೆ ಅಂತ ಹೆಣೆದ ಕಾಲುಚೀಲ ಇರುತ್ತಿತ್ತು. ಮಾಡಿದ್ದು ಜೀರ್ಣವಾಗದೆ ಕಕ್ಕುತ್ತಿದ್ದಾಳೆ ಅಂದುಕೊಂಡೆ. ಹಿಟ್ಟನ್ನು ಕೋಳಿಗೆ ಹಾಕಿದೆ. ಕಾಲುಚೀಲವನ್ನು ತೊಟ್ಟಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟು ಬಂದೆ. ಬ್ಲಾಗೊಯೆ ಭಾವನ ಮೇಲೆ ಮಾತ್ರ ನನಗೆ ಕನಿಕರ. ಅವನು ಅಂಗಳ ದಾಟುವುದನ್ನೇ ಬಿಟ್ಟಿದ್ದ, ಬೆನ್ನು ಬಗ್ಗಿತ್ತು, ಸಂಘದ ಅಧ್ಯಕ್ಷಗಿರಿಯನ್ನೂ ಬಿಟ್ಟುಕೊಟ್ಟ. ಇಂಥ ಹೆಂಡತಿಯನ್ನು ಕಟ್ಟಿಕೊಂಡು ತಲೆ ಎತ್ತಲಾಗದೆ ಒದ್ದಾಡುತ್ತಿದ್ದಾನೆ ಅಂತ ವೆಸ್ಕೊ ಕೈಲಿ ಅವನಿಗೆ ಮುದ್ದೆ ಕಳಿಸುತ್ತಿದ್ದೆ.

ಐವತ್ತೆರಡರ ವಸಂತದಲ್ಲಿ ಟೊದೊರ್ ಬಂದ. ಅಲ್ಲಿನದು ಯಾರಿಗೂ ಹೇಳುವುದಿಲ್ಲ ಅಂತ ಸಹಿ ಮಾಡಿಸಿಕೊಂಡು ಕಳಿಸಿದ್ದರು. ಅವನು ಅದನ್ನು ನನ್ನ ವಿಷಯದಲ್ಲೂ ಪಾಲಿಸಿದ. ಯಾರು ಕೊಟ್ಟಿದ್ದು ಅಂತ ಗೊತ್ತಾಯ್ತಾ ಅಂತ ನಾನು ಕೇಳಿದಾಗೆಲ್ಲ ಕೆಮ್ಮುತ್ತಿದ್ದ. ಅಣ್ಣನ ಮನೆಗೆ ಕಾಲಿಡಲಿಲ್ಲ. ಆದರೆ ಯಾಗ್ಲಿಕಾ ತೊಟ್ಟಿಯ ಬಳಿ ಸಿಕ್ಕರೆ ನಿಂತು ಮಾತಾಡುತ್ತಿದ್ದ, ಅವಳು ಕೊಟ್ಟದ್ದನ್ನು ಇಸಕೊಳ್ಳುತ್ತಿದ್ದ. ನನ್ನ ಅನುಮಾನಕ್ಕೆ ಆಗ ಇನ್ನೊಂದು ಕೊಂಬು ಮೂಡಿತು. ಹೆಂಗಸಿನ ಮನಸ್ಸಿಗೆ ಯಾವ ಕೊಂಬು ಮೂಡುತ್ತದೋ ಅದೇ. ಇವರಿಬ್ಬರ ನಡುವೆ ಏನಿದೆ ಅಂತ ಕಿಟಕಿಯಲ್ಲಿ ಕಾವಲು ಕೂತೆ. ಏನೂ ಸಿಗಲಿಲ್ಲ. ಸಿಗದಿದ್ದರೆ ಅನುಮಾನ ಸಾಯುತ್ತದೆ ಅಂತ ಯಾರು ಹೇಳಿದರು?

ಅರವತ್ತೊಂದರಲ್ಲಿ ಅವನ ಪುಪ್ಪುಸ ಸೋತಿತು. ಕೊನೆಯ ವಾರ ನನ್ನ ಕೈ ಹಿಡಿದು ಒಂದೇ ಒಂದು ಬೇಡಿಕೆ ಇಟ್ಟ.

"ಅತ್ತಿಗೆ ಹಾಡ್ಲಿ. ಯಾಗ್ಲಿಕಾ ಅತ್ತಿಗೆ ನನಗೆ ಹಾಡ್ಲಿ."

ಜ್ವರದ ಮಾತು ಅಂತ ನನಗೆ ನಾನೇ ಹೇಳಿಕೊಂಡೆ. ಜ್ವರ ಅಷ್ಟಿರಲಿಲ್ಲ ಅಂತ ನನಗೆ ಗೊತ್ತಿತ್ತು. ಶವ ಅಂಗಳದಲ್ಲಿತ್ತು, ಮೂರು ಕಣಿವೆಯ ಜನ ಸೇರಿದ್ದರು. ಕರಿ ರುಮಾಲು ಕಟ್ಟಿಕೊಂಡು ಯಾಗ್ಲಿಕಾ ತನ್ನ ಹಕ್ಕಿನಂತೆ ಪೆಟ್ಟಿಗೆಯ ತಲೆಯ ಬಳಿಗೆ ಬಂದಳು. ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾನು ಎಲ್ಲರೆದುರು ಹೇಳಿದೆ:

"ಆ ಬಾಯಿ ಅವನನ್ನ ಒಂದು ಸಲ ಮುಟ್ಟಿದ್ದು ಸಾಕು."

ಅವಳು ಉಸಿರು ಬಿಟ್ಟಳು. ನನ್ನ ಕಡೆ ನೋಡದೆ ಹಿಂದೆ ಸರಿದು ಹೆಂಗಸರ ಸಾಲಿನ ಕೊನೆಗೆ ಹೋಗಿ ನಿಂತಳು. ಬೇರೆ ಯಾರೂ ಮುಂದೆ ಬರಲಿಲ್ಲ, ಆ ಹೊತ್ತಿನಲ್ಲಿ ಯಾರು ಬರುತ್ತಾರೆ? ನನ್ನ ಗಂಡ ಹಾಡಿಲ್ಲದೆ ಮಣ್ಣಿಗೆ ಹೋದ. ನಮ್ಮ ಕಡೆ ಬೀದಿನಾಯಿಗೆ ಹಾಗೆ ಮಾಡುತ್ತಾರೆ. ಅವತ್ತಿನಿಂದ ಯಾಗ್ಲಿಕಾ ಯಾರ ಸಾವಿಗೂ ಹಾಡಲಿಲ್ಲ. ಕುದುರೆ ಬಂತು, ಆಮೇಲೆ ಜೀಪು ಬಂತು, ಅವಳು ಕೈಮುಗಿದು ವಾಪಸು ಕಳಿಸಿದಳು. ನೋಡಿದಿರಾ, ತಪ್ಪಿತಸ್ಥಳ ಗಂಟಲು ಕಟ್ಟಿತು ಅಂತ ನಾನು ಊರ ತುಂಬ ಹೇಳಿದೆ.

ಎಪ್ಪತ್ತನಾಲ್ಕರ ಮಾರ್ಚಿನಲ್ಲಿ ಬ್ಲಾಗೊಯೆ ಸತ್ತ. ಹಾಡುವ ಸರದಿ ನನ್ನದು. ಮಾರನೆಯ ಬೆಳಗ್ಗೆ ನಾನು ಕರಿ ರುಮಾಲಿಗೆ ಇಸ್ತ್ರಿ ಮಾಡುತ್ತಾ ಒಳಗೊಳಗೆ ಸಾಲು ಜೋಡಿಸುತ್ತಿದ್ದೆ. ಯಾಗ್ಲಿಕಾ ಅಂಗಳ ದಾಟಿ ಬಂದಳು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ನನ್ನ ಹೊಸ್ತಿಲ ಒಳಗೆ ಕಾಲಿಟ್ಟು, ಕೂರು ಅನ್ನುವ ಮೊದಲೇ ಮೂರುಕಾಲಿನ ಮಣೆ ಎಳೆದುಕೊಂಡು ಕೂತಳು.

"ಇವತ್ತು ಅವರಿಗೆ ಹಾಡ್ತೀಯ?"

"ಹಾಡ್ದೆ ಇನ್ನೇನು. ನಿನ್ನ ಮುಖ ನೋಡಿ ಅಲ್ಲ. ನನ್ನ ಗಂಡನ ಅಣ್ಣ ಅವನು."

"ಏನಂತ ಹಾಡ್ತೀಯ?"

"ಇದ್ದದ್ದನ್ನೇ. ತಮ್ಮನ ಕೊರಗಲ್ಲಿ ಬೆನ್ನು ಬಗ್ಗಿಸ್ಕೊಂಡ ಅಣ್ಣ ಅಂತ. ನಿನ್ನಂಥೋಳ ಜೊತೆ ಸಂಸಾರ ಮಾಡಿ ಬಾಯಿ ಬಿಡದೋನು ಅಂತ."

ಅವಳು ತನ್ನ ರುಮಾಲಿನ ಅಂಚು ಮಡಿಸಿದಳು, ಬಿಚ್ಚಿದಳು.

"ಹಂಗೆ ಹಾಡಬೇಡ, ಗೊಸ್ಪಾವಾ. ಸ್ಮಶಾನದಲ್ಲಿ ಟೊದೊರ್ ಮಲಗಿರೋದು ಅಲ್ಲೇ ಎರಡು ಹೆಜ್ಜೆ ದೂರ. ಅವನು ಕೇಳಿಸ್ಕೋತಾನೆ. ಅವನನ್ನ ಹಿಡಿದುಕೊಟ್ಟ ಕಾಗದ ಬರೆದದ್ದು ಬ್ಲಾಗೊಯೆ."

ಆಮೇಲೆ ಹೇಳಿದ್ದನ್ನೆಲ್ಲ ಅವಳು ಅಡುಗೆಗೆ ಬೇಕಾದ ಸಾಮಾನಿನ ಹೆಸರು ಹೇಳುವ ದನಿಯಲ್ಲಿ ಹೇಳಿದಳು. ಆ ಭಾನುವಾರದ ಮಾರನೆಯ ದಿನ ಸಂಘದ ಅಧ್ಯಕ್ಷನನ್ನು ಪಟ್ಟಣಕ್ಕೆ ಕರೆಸಿದ್ದರಂತೆ. ನಿನ್ನ ತಮ್ಮ ರಷ್ಯಾದವರ ಬಗ್ಗೆ ಏನಂತಾನೆ ಬರೆದುಕೊಡು, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಹೋಗುತ್ತೀರಿ ಅಂದರಂತೆ. ತಮ್ಮನನ್ನು ಕರೆದು ಬೈದು ಬಿಡುತ್ತಾರೆ ಅಂದುಕೊಂಡು ಅವನು ಒಂದು ಪುಟ ಬರೆದ. ಎರಡು ದಿನ ಅನ್ನ ನೀರು ಬಿಟ್ಟು ಬುಧವಾರ ಹೆಂಡತಿಗೆ ಹೇಳಿದ. ಗುರುವಾರ ಅವಳು ಒಂದು ದೊಡ್ಡ ಚೀಸು ಕಟ್ಟಿಕೊಂಡು ಆ ಕಾಗದ ವಾಪಸು ಕೇಳಲು ಹೋದಳು.

"ಚೀಸು ಇಟ್ಕೊಂಡ್ರು," ಅಂದಳು. "ಕಾಗದ ಕೊಡ್ಲಿಲ್ಲ."

ನನ್ನ ಕೈಲಿದ್ದ ಇಸ್ತ್ರಿಪೆಟ್ಟಿಗೆ ರುಮಾಲಿನ ಮೇಲೇ ಉಳಿದಿತ್ತು. ಸುಟ್ಟ ವಾಸನೆ ಬಂದ ಮೇಲೆ ಎತ್ತಿದೆ. ನನಗೆ ಮೊದಲು ಬಂದದ್ದು ಅಳು ಅಲ್ಲ, ಅನುಮಾನ. ಸತ್ತವನು ಎದ್ದು ಅಲ್ಲ ಅನ್ನುವುದಿಲ್ಲ, ಎಷ್ಟು ಸುಲಭ, ತನ್ನ ಹೊರೆಯನ್ನು ಅವನ ಪೆಟ್ಟಿಗೆಯೊಳಗೆ ಇಟ್ಟು ಮೊಳೆ ಹೊಡೆಯಲು ಬಂದಿದ್ದಾಳೆ. ಹಾಗೇ ಹೇಳಿದೆ ಕೂಡ. ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅಂತ ಕೇಳಿದೆ.

"ನಂಬಬೇಡ ಬಿಡು. ನಂಬಿಸೋಕೆ ಬಂದಿಲ್ಲ. ಹೆಣದ ಮುಂದೆ ಸುಳ್ಳು ಹಾಡಿ ನೀನು ಪಾಪ ಕಟ್ಕೋಬಾರದು, ಅಷ್ಟೇ." ಆಮೇಲೆ ಹೇಳಿದಳು: "ಹೊರಗಿಂದ ಬಂದ ಸೊಸೆ ದ್ರೋಹಿ ಅಂದ್ರೆ ಮನೆ ನಿಲ್ಲತ್ತೆ ಕಣೇ. ಒಡಹುಟ್ಟಿದ ಅಣ್ಣನೇ ದ್ರೋಹಿ ಅಂದ್ರೆ ನಿನ್ನ ಮಗ ನನ್ನ ಮಗನ್ನ ಏನು ಮಾಡ್ತಿದ್ದ? ಹುಲ್ಲಿಗೋಸ್ಕರ ಐದು ಹೆಣ ಬಿದ್ದ ಕುಲಗಳು ನಮ್ಮವು."

ಟೊದೊರ್‌ಗೆ ಗೊತ್ತಿತ್ತಾ ಅಂದೆ. ಆ ದ್ವೀಪದಲ್ಲಿ ಅವನಿಗೆ ಆ ಪುಟ ತೋರಿಸಿದ್ದರಂತೆ. ಅಣ್ಣನ ಅಕ್ಷರ ಯಾರಿಗೆ ತಿಳಿಯುವುದಿಲ್ಲ? ಬಂದ ಮೂರನೆಯ ದಿನ ತೊಟ್ಟಿಯ ಬಳಿ ಅವಳನ್ನು ನಿಲ್ಲಿಸಿ, ಅತ್ತಿಗೆ, ನೀನು ಹೊತ್ತಿರೋದು ಯಾರ ಮೂಟೆ ಅಂತ ನನಗೆ ಗೊತ್ತು, ಆದರೆ ಗೊಸ್ಪಾವಾಗೆ ಹೇಳಬೇಡ, ಅವಳ ಬಾಯಿ ನಿಲ್ಲೋದಿಲ್ಲ ಅಂದಿದ್ದನಂತೆ.

ಇದನ್ನು ಕೇಳಿದಾಗ ನಂಬಿಕೆ ಬಂತು. ಯಾಗ್ಲಿಕಾ ಕತೆ ಕಟ್ಟಬಲ್ಲಳು, ಆದರೆ ಆ ಮಾತನ್ನು ಕಟ್ಟಲಾರಳು. ಅದು ನನ್ನ ಗಂಡನ ಮಾತೇ. ಒಂಬತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಅವನು ನನ್ನನ್ನು ಅನುಮಾನಿಸಿದ್ದ, ಸರಿಯಾಗಿಯೇ ಅನುಮಾನಿಸಿದ್ದ. ಸಾಯುವಾಗ ಅವನು ಬೇಡಿದ್ದು ಬರೀ ಒಂದು ಹಾಡನ್ನಲ್ಲ. ಊರೆಲ್ಲ ಸೇರಿದ ಜಾಗದಲ್ಲಿ ಅವಳು ತನ್ನ ತಲೆಯ ಬಳಿ ನಿಂತು ಹಾಡಿದರೆ, ಅವಳು ನಿರ್ದೋಷಿ ಅಂತ ಬಾಯಿ ಬಿಡದೆಯೇ ಸಾರಿದಂತಾಗುತ್ತಿತ್ತು. ಅಣ್ಣನ ಹೆಸರೂ ಬರುತ್ತಿರಲಿಲ್ಲ. ಅವನು ಅಷ್ಟು ಯೋಚನೆ ಮಾಡಿ ಇಟ್ಟಿದ್ದನ್ನು ನಾನು ಒಂದೇ ವಾಕ್ಯದಲ್ಲಿ ಒಡೆದುಹಾಕಿದ್ದೆ. ನಾನು ಅತ್ತೆ. ಯಾಗ್ಲಿಕಾ ನನ್ನನ್ನು ಸಮಾಧಾನ ಮಾಡಲಿಲ್ಲ, ಅವಳಿಗೆ ಆ ಬೆಳಗ್ಗೆ ಅವಳದೇ ಹೆಣ ಇತ್ತು. ಎದ್ದು ಹೋಗುವಾಗ ಬಾಗಿಲಲ್ಲಿ ಹೇಳಿದಳು, ನಿನಗೆ ಆಗದಿದ್ದರೆ ಸುಮ್ಮನೆ ನಿಂತುಬಿಡು, ಜನ ಏನಾದರೂ ಅಂದುಕೊಳ್ಳಲಿ ಅಂತ.

ಜನ ಏನು ಅಂದುಕೊಳ್ಳುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಅಂದುಕೊಳ್ಳುವುದನ್ನು ಕಲಿಸಿದವಳೇ ನಾನು. ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸಿ ಹಗ್ಗ ಹಾಕಿದರು. ಒಂದು ಕಡೆ ಅವಳ ಮಗ ಷೆಪಾನ್, ಇನ್ನೊಂದು ಕಡೆ ನನ್ನ ವೆಸ್ಕೊ. ಇಬ್ಬರೂ ನಿಕ್ಷಿಚ್‌ನ ಉಕ್ಕಿನ ಕಾರ್ಖಾನೆಯಲ್ಲಿ ಒಂದೇ ಪಾಳಿ, ಒಂದೇ ಬಸ್ಸಿನಲ್ಲಿ ಹೋಗಿಬರುವವರು. ನಾನು ಎಷ್ಟು ವಿಷ ಹಾಕಿದರೂ ಆ ಹುಡುಗರ ನಡುವೆ ಮಾತ್ರ ಅದು ಹತ್ತಿರಲಿಲ್ಲ, ಯಾಕೆಂದರೆ ವಿಷವೆಲ್ಲ ಯಾಗ್ಲಿಕಾಳ ಹೆಸರಿಗೆ ಖರ್ಚಾಗಿತ್ತು. ನಾನು ಮುಂದೆ ಹೋದೆ. ಗಂಡಸರು ಟೋಪಿ ತೆಗೆದರು. ಹೆಂಗಸರ ಸಾಲಿನಲ್ಲಿ ಪಿಸುಮಾತು ನಿಂತಿತು. ಇದ್ದದ್ದನ್ನು ಹೇಳಿದರೆ ಯಾಗ್ಲಿಕಾ ಶುದ್ಧಳಾಗುತ್ತಾಳೆ, ಆದರೆ ಅವಳು ಇಪ್ಪತ್ತೈದು ವರ್ಷ ಎದೆಯೊಡ್ಡಿ ಕಾಪಾಡಿದ ಮನೆ ಆ ಎರಡು ಗೋರಿಗಳ ನಡುವೆ ಬೀಳುತ್ತದೆ. ಸುಮ್ಮನಿದ್ದರೆ ಮನೆ ಉಳಿಯುತ್ತದೆ, ಅವಳು ದ್ರೋಹಿಯಾಗಿಯೇ ಸಾಯುತ್ತಾಳೆ. ಈ ಎರಡರ ನಡುವೆ ನಿಂತಿದ್ದೆ. ಆಮೇಲೆ ಬಾಯಿ ಬಿಟ್ಟೆ.

ಓ ಬ್ಲಾಗೊಯೆ ಭಾವ, ದಾರಿ ಹಿಡಿದವನೇ,
ನೀ ಹೋಗುವ ಊರಲ್ಲಿ ನಿನ್ನ ತಮ್ಮನಿದ್ದಾನೆ,
ಕೈಹಿಡಿದು ಹೇಳವಗೆ ನನ್ನೊಂದು ಮಾತ:
ನಿನ್ನ ಹಿಡಿದುಕೊಟ್ಟ ಬಾಯಿ ಯಾಗ್ಲಿಕಾಳದಲ್ಲ,
ನಿನ್ನ ಹೆಂಡತಿ ಬಾಯಿ, ಗಿರಣಿಯ ಸಾಲಲ್ಲಿ
ಹಿಟ್ಟಿನ ಜೊತೆ ಮಾತನ್ನೂ ಬೀಸಿದ ಬಾಯಿ.
ಕಡೆಗಾಲಕ್ಕೆ ಬೇಡಿದೆ ನೀ ಅತ್ತಿಗೆಯ ಹಾಡ,
ಕೊಡಲಿಲ್ಲ ನಾನು, ಹಾಡದೆ ಹೂಳಿಸಿದೆ,
ಕ್ಷಮೆ ಕೇಳು ಭಾವ, ನನಗೆ ಮುಖವಿಲ್ಲ.

ಹೆಣದ ಮುಂದೆ ನಾನು ಹೇಳಿದ ಸುಳ್ಳು ಅದೊಂದೇ. ಅರ್ಧ ಸುಳ್ಳು, ಅರ್ಧ ನಿಜ, ಯಾವುದು ಯಾವುದು ಅಂತ ಆ ಜಾಗದಲ್ಲಿದ್ದ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಎರಡೂ ಕೈಯಿಂದ ಬಾಯಿ ಒತ್ತಿಕೊಂಡು ನಿಂತಿದ್ದಳು. ಉಳಿದವರು ತಕ್ಷಣ ನಂಬಿದರು. ಅಷ್ಟು ಬೇಗ ನಂಬಿದ್ದು ನೋಡಿ, ಇವರಿಗೆಲ್ಲ ನನ್ನ ನಾಲಿಗೆಯ ಮೇಲೆ ಮೊದಲೇ ಅನುಮಾನ ಇತ್ತು ಅಂತ ಗೊತ್ತಾಯಿತು. ಗಿರಣಿಯವನ ಹೆಂಡತಿ ತಲೆಯಾಡಿಸುತ್ತಿದ್ದಳು, ಅವತ್ತು ನನ್ನ ಬಾಯಿಂದ ಆ ಮಾತು ಕೇಳಿದವಳು ತಾನೇ ಎಂಬಂತೆ.

ವೆಸ್ಕೊ ಪೆಟ್ಟಿಗೆಯ ಹಗ್ಗ ಬಿಟ್ಟು ಹೆಂಗಸರ ಸಾಲಿಗೆ ನಡೆದ. ದೊಡ್ಡಮ್ಮನ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿ ಅವಳ ಕೈಗೆ ಮುತ್ತಿಟ್ಟ. ಮೂವತ್ತಮೂರು ವರ್ಷದ ಗಂಡಸು ಊರೆದುರು ಅತ್ತ. ಯಾಗ್ಲಿಕಾ ಅವನ ತಲೆ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಅವನು ಎದ್ದು ನನ್ನ ಪಕ್ಕದಿಂದಲೇ ಹಾದುಹೋದ.

ಸಂಜೆ ಬಂದವರೆಲ್ಲ ಹೋದ ಮೇಲೆ ನಾನು ಒಲೆಯ ಬಳಿ ಇದ್ದೆ. ವೆಸ್ಕೊ ಬಂದು ನಿಂತ, ಕೂರಲಿಲ್ಲ. ಅವನ ಹಿಂದೆಯೇ ಯಾಗ್ಲಿಕಾ ಅಂಗಳದಲ್ಲಿ ಓಡುವ ಹಾಗೆ ನಡೆದು ಬಂದು ಬಾಗಿಲು ಹಿಡಿದುಕೊಂಡಳು.

"ಯಾರಿಗೆ ಹೇಳಿದೆ ಅಮ್ಮ?" ಅಂದ. "ಅಪ್ಪನ ಮಾತನ್ನ ಯಾರ ಹತ್ರ ಹೋಗಿ ಹೇಳಿದೆ?"

ಯಾಗ್ಲಿಕಾ ಬಾಯಿ ತೆರೆದಳು. ಇನ್ನು ಸಾಕು, ಎಲ್ಲ ಹೇಳಿಬಿಡುತ್ತೇನೆ ಅಂತ ಅವಳ ಮುಖದಲ್ಲೇ ಬರೆದಿತ್ತು. ನನಗೆ ಅವಳ ಹಿಂದೆ ಅವರ ಮನೆಯ ಕಿಟಕಿಯಲ್ಲಿ ಅಪ್ಪನ ಬಟ್ಟೆ ಮಡಿಸುತ್ತಿದ್ದ ಷೆಪಾನ್ ಕಾಣುತ್ತಿದ್ದ.

"ಅಕ್ಕ," ಅಂದೆ, "ನೀನು ಮನೆಗೆ ಹೋಗು. ಇದು ನಮ್ಮ ತಾಯಿಮಗನ ಮಾತು."

ಇಪ್ಪತ್ತೈದು ವರ್ಷದ ಮೇಲೆ ಅಕ್ಕ ಅಂದೆ, ಅದೂ ಅವಳ ಬಾಯಿ ಮುಚ್ಚಿಸಲಿಕ್ಕೆ. ಅವಳು ಬಾಗಿಲ ಚೌಕಟ್ಟನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ನಿಧಾನಕ್ಕೆ ಅಂಗಳ ದಾಟಿ ಹೋದಳು. ಗಿರಣಿಯಲ್ಲಿ ಸರದಿ ಕಾಯುತ್ತಾ ಯಾರ ಹತ್ತಿರವೋ ಅಂದುಬಿಟ್ಟೆ, ಯಾರು ಅಂತ ನೆನಪಿಲ್ಲ ಅಂತ ಮಗನಿಗೆ ಹೇಳಿದೆ. ಅವನು ಬಹಳ ಹೊತ್ತು ನನ್ನನ್ನು ನೋಡಿದ. ಅಷ್ಟೂ ವರ್ಷ ಕಿಟಕಿಯಲ್ಲಿ ನಿಂತು ನಾನು ಯಾಗ್ಲಿಕಾಳನ್ನು ನೋಡುತ್ತಿದ್ದದ್ದು ಹಾಗೆಯೇ.